ತಿಳಿನೀರಿಗೊಂದು ತಕ್ಕಡಿ

ಕುಮುದ್ವತಿಗೆ ಅಡ್ಡಲಾಗಿ ಕಟ್ಟಿದ ಅಂಜನಾಪುರ ಜಲಾಶಯದ ನೀರನ್ನು ಒಂದು ಲೋಟ ತುಂಬಿ ಬೆಳಕಿಗೆ ಹಿಡಿಯಿರಿ. ತಿಳಿಯಾಗಿ ಕಂಡರೆ ಸಾಕೆ? ಶಿಕಾರಿಪುರದ ಸೀಮೆಯಲ್ಲಿ ಮೆಕ್ಕೆಜೋಳ ಹೇರಳ. ಆ ಬೆಳೆಯ ಕಳೆಗೆ ಹೊಡೆಯುವ ಔಷಧಿಗಳಲ್ಲಿ ಅಟ್ರಜಿನ್ ಒಂದು. ಸಿಂಪಡಿಸಿದ ಮೇಲೆ ದೊಡ್ಡ ಮಳೆ ಬಂದರೆ, ಹೊಲದ ನೀರಿನೊಡನೆ ಅದೂ ಹಳ್ಳಕ್ಕೆ ಇಳಿಯಬಲ್ಲದು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 2 ಮೈಕ್ರೋಗ್ರಾಂ ಮೀರಬಾರದೆಂದು 2012ರ ಭಾರತೀಯ ಮಾನಕ ವಿಧಿಸಿದೆ. ಎಂದರೆ ಹತ್ತು ಲಕ್ಷ ಲೀಟರಿಗೆ ಎರಡೇ ಗ್ರಾಂ. ಇಲ್ಲಿ ಕಣ್ಣೂ ನಾಲಗೆಯೂ ಸೋಲುತ್ತವೆ.

ಗೆಲ್ಲುವುದು ರಾಶಿ ರೋಹಿತಮಾಪಕವೆಂಬ ಯಂತ್ರ. ಮೊದಲು ಒಂದು ಲೀಟರ್ ನೀರಿನಲ್ಲಿರುವ ಇಂಗಾಲದ ಸಂಯುಕ್ತಗಳನ್ನು ದ್ರಾವಕಕ್ಕೆ ಸೆಳೆದು, ಅದನ್ನು ಆರಿಸಿ ಒಂದು ಮಿಲಿಲೀಟರಿಗೆ ಇಳಿಸುತ್ತಾರೆ. ಸಪೂರವಾದ ಉದ್ದ ಕೊಳವೆಯಲ್ಲಿ ಆವಿಯಾಗಿ ಸಾಗುವಾಗ ಅವು ಒಂದೊಂದಾಗಿ ಬೇರ್ಪಡುತ್ತವೆ. ಬಳಿಕ ಎಲೆಕ್ಟ್ರಾನುಗಳ ಪೆಟ್ಟು ತಿಂದು, ವಿದ್ಯುದಂಶ ಹೊತ್ತು ಒಡೆಯುತ್ತವೆ; ಯಂತ್ರವು ಆ ಚೂರುಗಳನ್ನು ತೂಕವಾರು ವಿಂಗಡಿಸುತ್ತದೆ. ಅಟ್ರಜಿನ್ ಅಣುವಿನ ತೂಕ 215. 15 ತೂಕದ ಮೀಥೈಲ್ ಕಳಚಿದರೆ 200. ಅದರಲ್ಲಿರುವ ಕ್ಲೋರಿನ್ನಿಗೆ ಹಗುರ, ಭಾರ ಎಂದು ಎರಡು ರೂಪ. ಆದ್ದರಿಂದ 215ರ ಪಕ್ಕದಲ್ಲಿ 217, ಅದರ ಮೂರನೆಯ ಒಂದು ಪಾಲಿನಷ್ಟು ನಿಲ್ಲುತ್ತದೆ. ಇದೇ ಅದರ ಬೆರಳಚ್ಚು.

ಆದರೆ ಯಂತ್ರ ತೂಗುವುದು ಸೀಸೆಯಲ್ಲಿ ಬಂದದ್ದನ್ನು ಮಾತ್ರ. ಬೇಸಗೆಯಲ್ಲಿ ತುಂಬಿದ ನೀರು ಮುಂಗಾರಿನ ಸಂಗತಿಯನ್ನು ಹೇಳದು. ಸಿಂಪರಣೆಯ ನಂತರದ ಮೊದಲ ದೊಡ್ಡ ಮಳೆಗೇ ಗಾಜಿನ ಸೀಸೆ ಸಿದ್ಧವಿರಬೇಕು. ಬಿಸಿಲು ತಾಗದಂತೆ, ತಂಪಾಗಿ, ತಡವಿಲ್ಲದೆ ಅದು ಪ್ರಯೋಗಶಾಲೆಯನ್ನು ಮುಟ್ಟಬೇಕು. ನಿಮ್ಮೂರಿನ ನೀರಿನ ವರದಿ ಕೈಗೆ ಬಂದಾಗ, ಅಂಕಿಗಳಿಗೆ ಮುನ್ನ, ಮಾದರಿ ತೆಗೆದ ತಾರೀಖನ್ನು ನೋಡಿರಿ.