ಸದ್ದು ಮಾಡದ ಡಬ್ಬಿ

ಕೊಡಗಿನ ಯುವಕರೇ, ಯುವತಿಯರೇ, ಮಡಿಕೇರಿಯಿಂದ ತೋಟಕ್ಕೆ ಮರಳುವ ಬಸ್ಸಿನಲ್ಲಿ ಕೂತ ಒಬ್ಬ ತಾಯಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮಡಿಲಲ್ಲಿ ಚೀಲ, ಚೀಲದೊಳಗೆ ಮಾತ್ರೆಯ ಡಬ್ಬಿ. ಅದರ ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದಿದ್ದಾಳೆ. ಮಾತ್ರೆಗಳು ಗಲಗಲ ಎನ್ನಬಾರದೆಂದು ಒಳಗೆ ಹತ್ತಿ ತುರುಕಿದ್ದಾಳೆ. ಲೈನ್‌ಮನೆ ಸೇರಿ, ದೇವರಿಗೆ ದೀಪ ಹಚ್ಚಿ, ಅದೇ ಹೊತ್ತಿಗೆ ಒಂದು ನುಂಗುತ್ತಾಳೆ. ಒಂದು ದಿನವೂ ತಪ್ಪಿಲ್ಲ. ಆಕೆಗೆ ಎಚ್‌ಐವಿ ಇದೆ. ಆಕೆಗಿರುವ ಹೆದರಿಕೆ ನಮ್ಮದು.

ಯಾಕೆ ಹೆದರಬೇಕು? 2004ರಿಂದ ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಎಚ್‌ಐವಿಗೆ ಔಷಧ ಉಚಿತ. ತಪ್ಪದೆ ನುಂಗಿ, ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ಇಳಿದು ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದಲೂ ಅದು ಇನ್ನೊಬ್ಬರಿಗೆ ದಾಟುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೆ, ಅಪ್ಪಿಕೊಂಡರೆ ಅದು ಎಂದೂ ದಾಟಿದ್ದಲ್ಲ. 2018ರ ಸೆಪ್ಟೆಂಬರ್ 10ರಿಂದ ಕಾಯ್ದೆಯೂ ಜಾರಿಯಲ್ಲಿದೆ. ಸೋಂಕಿನ ನೆಪದಲ್ಲಿ ಕೆಲಸ, ಶಾಲೆ, ಬಾಡಿಗೆ ಮನೆ ತಪ್ಪಿಸುವಂತಿಲ್ಲ. ಔಷಧ ಬಂತು. ಕಾನೂನು ಬಂತು. ನಾವು ಬಂದೆವಾ?

ಬಂದವರೂ ಇದ್ದಾರೆ. ಉಗಾಂಡದ ಆಂಗ್ಲಿಕನ್ ಪಾದ್ರಿ ಗಿಡಿಯನ್ ಬ್ಯಾಮುಗಿಶಾ ಹೆಂಡತಿಯನ್ನು ಇದೇ ರೋಗಕ್ಕೆ ಕಳೆದುಕೊಂಡವರು. ಇಂದಿನ ಔಷಧವಿಲ್ಲದ 1992ರಲ್ಲೇ ಅವರು, ನನಗೂ ಎಚ್‌ಐವಿ ಇದೆ ಎಂದು ಜನರೆದುರು ನಿಂತು ಹೇಳಿದರು. ಆಫ್ರಿಕಾದ ಧರ್ಮಗುರುಗಳಲ್ಲಿ ಹಾಗೆ ಹೇಳಿದ ಮೊದಲಿಗರು ಅವರೇ. ಆಮೇಲೆ ತಮ್ಮಂಥ ಧರ್ಮಗುರುಗಳನ್ನು ಒಂದುಗೂಡಿಸಿದರು. ನಮ್ಮ ಬೆಂಗಳೂರಿನಲ್ಲಿ ಎಚ್‌ಐವಿ ಇರುವವರ ಆರೈಕೆ ಕೇಂದ್ರವಾದ ಸ್ನೇಹದಾನವನ್ನು ಕಟ್ಟಿದವರು, ಪ್ರಾಣ ಹೋದರೂ ರೋಗಿಗಳ ಕೈಬಿಡೆವೆಂದು ವ್ರತ ತೊಡುವ ಕ್ಯಾಮಿಲಿಯನ್ ಪಾದ್ರಿಗಳು. ಭಕ್ತಿಗೆ ಇಷ್ಟು ಬಲವಿದೆ.

ನಮ್ಮಲ್ಲಿ ಭಕ್ತಿಗೆ ಬರವೇ? ತುಲಾ ಸಂಕ್ರಮಣಕ್ಕೆ ಭಾಗಮಂಡಲದಿಂದ ತಲಕಾವೇರಿಗೆ ಚಳಿಯಲ್ಲಿ ಬೆಟ್ಟ ಹತ್ತುವ ನಾವು, ಪಾಡಿ ಇಗ್ಗುತ್ತಪ್ಪನಿಗೆ ಕೈಮುಗಿದು ಮಳೆ ಬೇಡುವ ನಾವು, ಎಮ್ಮೆಮಾಡಿನ ದರ್ಗಾಕ್ಕೂ ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚಿಗೂ ಹರಕೆ ಹೊತ್ತು ಹೋಗುವ ನಾವು, ಅದೇ ದೇವರನ್ನು ನಂಬಿ ದಿನವೂ ಮಾತ್ರೆ ನುಂಗುವ ಆ ತಾಯಿಯ ಪಕ್ಕದಲ್ಲಿ ಕೂರಲಾರೆವೇ? ಕಾವೇರಮ್ಮೆ ತೀರ್ಥ ಕೊಡುವಾಗ ಯಾರ ರಕ್ತ ಕೇಳಿದ್ದಾಳೆ?

2007ರಲ್ಲಿ ರೆಡ್ ರಿಬ್ಬನ್ ಎಕ್ಸ್‌ಪ್ರೆಸ್ ಎಂಬ ರೈಲು ಎಚ್‌ಐವಿಯ ಅರಿವನ್ನು ಹೊತ್ತು ದೇಶ ಸುತ್ತಲು ಹೊರಟಿತು. ಕೊಡಗಿಗೆ ಹಳಿಯೇ ಇಲ್ಲ. ಇಲ್ಲಿ ಮಾತು ನಡೆದೇ ಹೋಗಬೇಕು, ತೋಟದಿಂದ ತೋಟಕ್ಕೆ, ನಿಮ್ಮ ಕಾಲಿನಲ್ಲಿ. 1997ರಲ್ಲಿ ಕರಡದಲ್ಲಿ 60 ಕುಟುಂಬಗಳೊಂದಿಗೆ ಶುರುವಾದ ಕೌಟುಂಬಿಕ ಹಾಕಿ ಇಂದು ನೂರಾರು ಕುಟುಂಬಗಳನ್ನು ಒಂದೇ ಮೈದಾನಕ್ಕೆ ಎಳೆದು ತರುತ್ತಿದೆ. ಅಷ್ಟು ಕಸುವಿರುವ ನೆಲ ಇದು! ಆ ಮೈದಾನದ ಬೇಲಿಯ ಮೇಲೆ ಸಹಾಯವಾಣಿಯ 1097 ಅನ್ನು ದೊಡ್ಡದಾಗಿ ಬರೆಯಿರಿ. ಮೊದಲು ನೀವೇ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ, ಆಮೇಲೆ ಗೆಳೆಯರನ್ನು ಕರೆದೊಯ್ಯಿರಿ.

ಆ ತಾಯಿಗೆ ಮಾತ್ರ, ಎಲ್ಲರೆದುರು ಹೇಳು ಎಂದು ಒತ್ತಾಯಿಸಬೇಡಿ. ಹೇಳುವುದು, ಬಿಡುವುದು ಆಕೆಯ ಹಕ್ಕು. ಆಕೆಯೇ ಎದ್ದುನಿಂತು ತನ್ನ ಕಥೆ ಹೇಳುವ ದಿನ ಮುಂದಿನ ಸಾಲಿನಲ್ಲಿ ಕೂತಿರಿ. ಮುಗಿದ ಮೇಲೆ ಕಾಫಿ ಕೊಡಿ, ನೀವು ಕುಡಿಯುವ ಲೋಟದಲ್ಲೇ. ಮತ್ತೆ ಬಸ್ಸು ಹತ್ತುವಾಗ ಆಕೆಗೆ ಹತ್ತಿ ಬೇಡವಾಗಲಿ.

ಡಬ್ಬಿ ಗಲಗಲ ಎನ್ನಲಿ.