ಊರೂರು ಕೂಡಿದರೆ ಆಟ
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಇಬ್ರಾಹಿಂಪಟ್ನಂ ಬಳಿ ಕೃಷ್ಣೆಯ ದಡದಲ್ಲಿ ನಿಂತಾಗ ನಮಗೆ ಒಂದು ಬಗೆಯ ಸಮಾಧಾನವುಂಟಾಗುತ್ತದೆ. ಆಲಮಟ್ಟಿ, ನಾರಾಯಣಪುರಗಳನ್ನು ದಾಟಿ, ದಾರಿಯಲ್ಲಿ ತುಂಗಭದ್ರೆಯನ್ನೂ ಕೂಡಿಸಿಕೊಂಡು ಹರಿದು ಬಂದ ನೀರು ಅದು. ನಮ್ಮ ನಾಡಿನ ನೀರು ಇಷ್ಟು ದೂರ ಬರುತ್ತದೆ. ನಮ್ಮ ನಾಡಿನ ಆಟವೇಕೆ ಬರಬಾರದು? ಈ ಪ್ರಶ್ನೆಯನ್ನೇ ಇಂದು ತಮ್ಮ ಮುಂದಿಡಬಯಸುತ್ತೇವೆ.

ಕೆಲವು ವರ್ಷಗಳ ಹಿಂದೆ ರಾಜ್ಯೋತ್ಸವಕ್ಕೆಂದು ಒಂದು ನಾಟಕ ತಂಡವನ್ನು ಕರೆಸಲು ಹೊರಟೆವು. ಕಲಾವಿದರು ಕೇಳಿದ ಸಂಭಾವನೆ ಹೆಚ್ಚೇನಲ್ಲ. ಆದರೆ ಪರದೆ, ದೀಪ, ಉಡುಪುಗಳನ್ನು ಹೊತ್ತ ಲಾರಿ ಒಂದೇ ರಾತ್ರಿಯ ಆಟಕ್ಕಾಗಿ ಬಂದು ಹಿಂದಿರುಗಬೇಕಷ್ಟೆ! ಆ ಬಾಡಿಗೆಯ ಲೆಕ್ಕ ನೋಡಿ ನಮ್ಮ ಖಜಾಂಚಿಗಳು ಪುಸ್ತಕ ಮುಚ್ಚಿದರು. ಆ ಸಲ ಮಕ್ಕಳಿಂದ ಒಂದು ಹಾಡು ಹೇಳಿಸಿ, ಉಪ್ಪಿಟ್ಟು ತಿಂದು ಮನೆಗೆ ಹೋದೆವು. ಒಂಟಿಯಾಗಿ ಹೊರಟದ್ದೇ ತಪ್ಪಾಯಿತೆಂದು ಈಗ ತೋರುತ್ತದೆ.

ನಮ್ಮ ಹಿರಿಯರು ಈ ಲೆಕ್ಕವನ್ನು ಎಂದೋ ಬಿಡಿಸಿದ್ದರು. ಕರಾವಳಿಯ ಯಕ್ಷಗಾನ ಮೇಳಗಳು ನವೆಂಬರ್ ಸುಮಾರಿಗೆ ತಿರುಗಾಟ ಹೊರಟು, ಮೇ ತಿಂಗಳ ಪತ್ತನಾಜೆಯಲ್ಲಿ ಗೆಜ್ಜೆ ಬಿಚ್ಚುವವರೆಗೆ ಊರಿಂದೂರಿಗೆ ಸಾಗುತ್ತವೆ. ಹರಕೆ ಹೊತ್ತವರು ವೀಳ್ಯ ಕೊಟ್ಟು ತಮ್ಮ ಆಟದ ದಿನವನ್ನು ಗೊತ್ತುಮಾಡಿಕೊಳ್ಳುತ್ತಾರೆ. ಒಂದೊಂದು ಊರು ಒಂದೊಂದು ರಾತ್ರಿಯ ಭಾರ ಹೊತ್ತರೆ ಮೇಳ ಆರು ತಿಂಗಳು ಬದುಕುತ್ತದೆ.

ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ, ಕೆ. ವಿ. ಸುಬ್ಬಣ್ಣನವರ ಮುಂದಾಳುತನದಲ್ಲಿ 1985ರಲ್ಲಿ ಆಧುನಿಕ ನಾಟಕಗಳಿಗೂ ಇಂಥದೇ ದಾರಿ ಹಿಡಿಯಿತು. ಅದಕ್ಕಿಟ್ಟ ಹೆಸರೂ ‘ತಿರುಗಾಟ’ವೇ. ತಂಡ ನಾಟಕಗಳನ್ನು ಸಿದ್ಧಮಾಡಿಕೊಂಡು ಹೊರಡುತ್ತದೆ. ಆಯಾ ಊರಿನ ಸಂಘದವರು ರಂಗ, ಊಟ, ವಸತಿ, ಪ್ರೇಕ್ಷಕರು, ಇವುಗಳ ಹೊಣೆ ಹೊರುತ್ತಾರೆ. ಶೇಕ್ಸ್‌ಪಿಯರನ ನಾಟಕಗಳು ಕನ್ನಡದ ಸಣ್ಣಪುಟ್ಟ ಊರುಗಳಿಗೆ ತಲಪಿದ್ದು ಹೀಗೆ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ ‘ಶಿವಸಂಚಾರ’ವೂ ಇದೇ ರೀತಿ ನಾಡೆಲ್ಲ ಸುತ್ತುತ್ತಿದೆ.

ನಾವು ನೆಲೆಸಿದ ಈ ನಾಡಿಗೂ ಇದು ಹೊಸತಲ್ಲ. ಕೃಷ್ಣಾ ಸೀಮೆಯ ಕೂಚಿಪೂಡಿ ಭಾಗವತರು ಹಳ್ಳಿ ಹಳ್ಳಿ ತಿರುಗಿದವರು. 1885ರಲ್ಲಿ ಕಡಪ ಸೀಮೆಯ ಸುರಭಿ ಗ್ರಾಮದಲ್ಲಿ ಮೊದಲಾದ ಸುರಭಿ ನಾಟಕದ ಕುಟುಂಬಗಳು ಮೂಲತಃ ಮರಾಠಿಗರು. ತೆಲುಗು ರಂಗಭೂಮಿಗೆ ಅವರು ತಲೆಮಾರುಗಳಿಂದ ದುಡಿದಿದ್ದಾರೆ. ವಲಸೆ ಬಂದವರು ಏನು ಮಾಡಬಲ್ಲರೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಆದ್ದರಿಂದ ನಮ್ಮ ಸೂಚನೆ ಇಷ್ಟು. ಬಳ್ಳಾರಿಯಿಂದ ಗುಂತಕಲ್, ನಂದ್ಯಾಲ, ಗುಂಟೂರು, ವಿಜಯವಾಡ, ಎಲ್ಲವೂ ಒಂದೇ ರೈಲುದಾರಿಯ ಊರುಗಳು. ಈ ದಾರಿಯ ಐದು ಊರುಗಳ ಕನ್ನಡಿಗರು ಕೂಡಿದರೆ ಲಾರಿ ಬಾಡಿಗೆ ಐದು ಪಾಲಾಗುತ್ತದೆ. ಮಳೆಗಾಲಕ್ಕೆ ಮುಂಚೆಯೇ ದಿನಗಳು ಗೊತ್ತಾಗಲಿ. ಮುಂಗಡ ಎಲ್ಲರಿಂದಲೂ ಬರಲಿ. ಕೊನೆ ಗಳಿಗೆಯಲ್ಲಿ ಒಂದು ಊರು ಹಿಂದೆಗೆದರೆ ಅದರ ಹೊರೆ ಉಳಿದವರ ಹೆಗಲಿಗೆ ಬೀಳಬಾರದು. ನಾಲ್ಕೇ ಮನೆಯ ಕನ್ನಡಿಗರಿರುವ ಹಳ್ಳಿಯಾದರೆ ಶಾಲೆಯ ಬಯಲು ಕೊಡಲಿ, ಸಾಕು. ಕಲಾವಿದರಿಗೆ ನಮ್ಮ ಮನೆಗಳಲ್ಲೇ ಊಟವಾಗಲಿ. ತೆಲುಗು ನೆರೆಹೊರೆಯವರನ್ನೂ ಕರೆಯೋಣ. 1956ರ ನವೆಂಬರ್ 1 ಅವರಿಗೂ ನಮಗೂ ನಾಡು ಕೂಡಿದ ದಿನವಷ್ಟೆ.

ಇಷ್ಟೆಲ್ಲ ಶ್ರಮವೇಕೆಂದು ಕೇಳಬಹುದು. ನಮ್ಮ ಮಕ್ಕಳು ಊರಿನ ಅಜ್ಜಿಯೊಡನೆ ಫೋನಿನಲ್ಲಿ ಎರಡು ಮಾತು ಕನ್ನಡದಲ್ಲಾಡಿ ಮೂರನೆಯದಕ್ಕೆ ತಡವರಿಸುತ್ತಾರೆ. ಕನ್ನಡವೆಂದರೆ ಅವರಿಗೆ ಅಡುಗೆಮನೆಯ ಮಾತಾಗಿಬಿಟ್ಟಿದೆ. ಅದೇ ಭಾಷೆಯಲ್ಲಿ ರಾಜರು ಗದರುವುದನ್ನೂ ವಿದೂಷಕರು ನಗಿಸುವುದನ್ನೂ ಅವರು ಒಂದು ರಾತ್ರಿಯಾದರೂ ಕಣ್ಣೆದುರು ಕಾಣಲಿ.

ಮುಂದಿನ ರಾಜ್ಯೋತ್ಸವದೊಳಗೆ ಉಳಿದ ನಾಲ್ಕು ಊರುಗಳಿಗೆ ನಾವೇ ಮೊದಲ ಕಾಗದ ಬರೆಯೋಣವೆಂದು ಅರಿಕೆ ಮಾಡಿಕೊಂಡು ಈ ಮಾತುಗಳನ್ನು ಮುಗಿಸುತ್ತೇವೆ.