ಕನ್ಯಾಮರಿಯಮ್ಮನವರ ಜನನೋತ್ಸವ: ಹೆಣ್ಣು ಕೂಸಿನ ಹಬ್ಬ

(ಸೆಪ್ಟೆಂಬರ್ 8ರ ಹಬ್ಬದ ಬಲಿಪೂಜೆಯ ಪ್ರಬೋಧನೆ. ವಾಚನಗಳು: ಮೀಕ 5:1-4; ಮತ್ತಾಯ 1:1-16, 18-23)



ಒಂಬತ್ತು ದಿನಗಳ ನೊವೇನಾ ಮುಗಿಸಿ, ಬಾಲ ಮರಿಯಮ್ಮನವರ ಪಾದಕ್ಕೆ ಬುಟ್ಟಿ ಬುಟ್ಟಿ ಹೂವು ಸುರಿದು, ಇಂದು ನಾವು ಹೊಸ ತೆನೆಯೊಡನೆ ಬಲಿಪೀಠದ ಮುಂದೆ ನಿಂತಿದ್ದೇವೆ. ಕರಾವಳಿಯಲ್ಲಿ ಇದನ್ನು ಮೊಂತಿ ಹಬ್ಬವೆಂದೂ ತೆನೆ ಹಬ್ಬವೆಂದೂ ಕರೆಯುತ್ತೇವೆ. ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾದಲ್ಲಿ ಸೀರೆ ಉಟ್ಟ ಮಾತೆಯ ತೇರು ಇಂದು ಬೀದಿಗೆ ಬರುತ್ತದೆ. ವೇಳಾಂಗಣ್ಣಿಯಲ್ಲಿ ಜನಸಾಗರವೇ ಸೇರಿರುತ್ತದೆ. ಹೆಸರು ಬೇರೆ, ಆಚರಣೆ ಬೇರೆ; ಆದರೆ ಎಲ್ಲೆಡೆ ಕಾರಣ ಒಂದೇ. ಒಂದು ಮನೆಯಲ್ಲಿ ಒಂದು ಹೆಣ್ಣು ಮಗು ಹುಟ್ಟಿತು. ಆ ಸಂತೋಷವನ್ನು ಧರ್ಮಸಭೆ ಇಂದಿಗೂ ಹಂಚುತ್ತಿದೆ.

ಇದನ್ನು ನಾವು ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ಧರ್ಮಸಭೆ ಸಾಮಾನ್ಯವಾಗಿ ಸಂತರ ಮರಣದ ದಿನವನ್ನು ಹಬ್ಬವಾಗಿ ಆಚರಿಸುತ್ತದೆ. ಜನ್ಮದಿನದ ಹಬ್ಬವಿರುವುದು ಮೂವರಿಗೆ ಮಾತ್ರ: ಪ್ರಭು ಯೇಸುವಿಗೆ, ಸ್ನಾನಿಕ ಯೊವಾನ್ನರಿಗೆ ಮತ್ತು ಮಾತೆ ಮರಿಯಮ್ಮನವರಿಗೆ. ಈ ಮೂವರಲ್ಲಿ ಒಬ್ಬರು ಹೆಣ್ಣು. ಅವರ ಜನನದ ಕಥೆ ಪವಿತ್ರ ಗ್ರಂಥದಲ್ಲಿಲ್ಲ. 2ನೇ ಶತಮಾನದಲ್ಲಿ ಯಾಕೋಬರ ಹೆಸರಿನಲ್ಲಿ ಬರೆದ ಒಂದು ಪುಸ್ತಕದಲ್ಲಿ ಅದು ಬರುತ್ತದೆ. ಧರ್ಮಸಭೆ ಅದನ್ನು ಪವಿತ್ರ ಗ್ರಂಥಕ್ಕೆ ಸೇರಿಸಲಿಲ್ಲ. ಆದರೂ ಜೊವಾಕಿಮ್, ಅನ್ನಮ್ಮ ಎಂಬ ತಂದೆತಾಯಿಯ ಹೆಸರುಗಳು ನಮಗೆ ಬಂದಿರುವುದು ಅದರಿಂದಲೇ. ಬಹುಕಾಲ ಮಕ್ಕಳಿಲ್ಲದೆ ಊರವರ ಚುಚ್ಚುಮಾತು ಕೇಳಿದ್ದ ಅನ್ನಮ್ಮ, ಹೆರಿಗೆಯಾದೊಡನೆ ಯಾವ ಮಗುವೆಂದು ಸೂಲಗಿತ್ತಿಯನ್ನು ಕೇಳುತ್ತಾರೆ. ಹೆಣ್ಣು ಎಂಬ ಉತ್ತರ ಬರುತ್ತದೆ. ಈ ದಿನ ನನ್ನ ಆತ್ಮಕ್ಕೆ ಹಿರಿಮೆ ಬಂತೆಂದು ಆ ತಾಯಿ ಹಿಗ್ಗುತ್ತಾರೆ. ನಮ್ಮ ಹೆರಿಗೆ ಆಸ್ಪತ್ರೆಗಳ ಹೊರಗಿನ ಬೆಂಚಿನ ಮೇಲೆ ಕುಳಿತವರಿಗೆ ಅದೇ ಉತ್ತರ ಬಂದಾಗ, ವಿಶೇಷವಾಗಿ ಎರಡನೆಯ ಸಲ ಬಂದಾಗ, ಎಷ್ಟು ಮುಖಗಳು ಹಾಗೆ ಅರಳುತ್ತವೆ?

ಇಂದಿನ ಶುಭಸಂದೇಶವನ್ನು ಕೇಳುವಾಗ ಕೆಲವರಿಗೆ ಬೇಸರ ಬಂದಿರಬಹುದು. ಹೆಸರುಗಳ ಉದ್ದನೆಯ ಪಟ್ಟಿ ಅದು. ಅಬ್ರಹಾಮನಿಂದ ಇಸಾಕ, ಇಸಾಕನಿಂದ ಯಕೋಬ ಎಂದು ಗಂಡಸರಿಂದ ಗಂಡಸರಿಗೆ ವಂಶ ಹರಿಯುತ್ತದೆ. ಆ ಕಾಲದ ಸಂಸ್ಕೃತಿ ವಂಶವನ್ನು ಎಣಿಸಿದ್ದು ಹಾಗೆಯೇ. ಸಂತ ಮತ್ತಾಯರು ಆ ಲೆಕ್ಕವನ್ನು ಅರಿತು ಬರೆದರು, ಆದರೆ ಅದರ ನಡುವೆ ತಾಮಾರ್, ರಾಹಾಬ್, ರೂತ್, ಊರೀಯನ ಹೆಂಡತಿ ಎಂದು ನಾಲ್ವರು ಸ್ತ್ರೀಯರನ್ನು ತಂದರು. ಅವರಲ್ಲಿ ಕೆಲವರು ಪರಜಾತಿಯವರು, ಕೆಲವರು ಊರಿನ ಬಾಯಿಗೆ ಬಿದ್ದವರು. ಕೊನೆಗೆ 16ನೇ ವಚನಕ್ಕೆ ಬಂದಾಗ ಪಟ್ಟಿಯ ಧಾಟಿಯೇ ಬದಲಾಗುತ್ತದೆ. ಜೋಸೆಫರಿಂದ ಯೇಸು ಜನಿಸಿದರೆಂದು ಮತ್ತಾಯರು ಬರೆಯುವುದಿಲ್ಲ. ಜೋಸೆಫರು ಮರಿಯಳ ಪತಿ, ಆಕೆಯಲ್ಲಿ ಯೇಸು ಜನಿಸಿದರು ಎನ್ನುತ್ತಾರೆ. ಲೋಕರಕ್ಷಕರು ಬಂದದ್ದು ಒಬ್ಬ ಹೆಣ್ಣುಮಗಳು ದೇವರಿಗೆ ಕೊಟ್ಟ ಒಪ್ಪಿಗೆಯ ಮೂಲಕ. ಬೆತ್ಲೆಹೇಮ್ ಚಿಕ್ಕ ಊರು. ಆದರೂ ಒಡೆಯನು ಅಲ್ಲಿಂದಲೇ ಬರುವನೆಂದು ಪ್ರವಾದಿ ಮೀಕ ಹೇಳಿದ್ದನ್ನು ಮೊದಲ ವಾಚನದಲ್ಲಿ ಕೇಳಿದೆವು. ಲೋಕ ಚಿಕ್ಕದೆಂದು ಬದಿಗಿಟ್ಟದ್ದನ್ನು ದೇವರು ಆರಿಸಿಕೊಳ್ಳುತ್ತಾರೆ.

ಪ್ರಿಯರೇ, ಕ್ರೈಸ್ತರಾದ ನಾವು ಊರಿನ ಸಂಸ್ಕೃತಿಯೊಡನೆ ಹೇಗೆ ಬಾಳಬೇಕು? ಎಲ್ಲವನ್ನೂ ಒಪ್ಪಬೇಕೇ, ಎಲ್ಲವನ್ನೂ ಬಿಡಬೇಕೇ? ಇಂದಿನ ತೆನೆಯೇ ಈ ಪ್ರಶ್ನೆಗೆ ಅರ್ಧ ಉತ್ತರ ಕೊಡುತ್ತದೆ. ಹೊಸ ಬೆಳೆಯ ಹಬ್ಬ ನಮ್ಮದು ಮಾತ್ರವಲ್ಲ. ತುಳುವರಿಗೆ ಕೊರಲ್ ಪರ್ಬವಿದೆ, ಕೊಡವರಿಗೆ ಹುತ್ತರಿಯಿದೆ. ಮಣ್ಣಿನ ಮಕ್ಕಳ ಈ ಕೃತಜ್ಞತೆ ಒಳ್ಳೆಯದೆಂದು ನಮ್ಮ ಹಿರಿಯರು ಕಂಡರು. ಅದನ್ನು ದೇವಾಲಯಕ್ಕೆ ತಂದರು, ಮರಿಯಮ್ಮನವರ ಜನನೋತ್ಸವಕ್ಕೆ ಜೋಡಿಸಿದರು. ಆಶೀರ್ವದಿಸಿದ ತೆನೆಯ ಕಾಳನ್ನು ಸುಲಿದು, ಹಾಲಿಗೋ ಪಾಯಸಕ್ಕೋ ಬೆರೆಸಿ, ಮನೆಯ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಬಾಳೆಲೆಯ ಮೇಲೆ ಸಸ್ಯಾಹಾರದ ಊಟ ಮಾಡುತ್ತೇವೆ. ದೂರದ ಗಲ್ಫಿನಲ್ಲಿರುವ ಮಕ್ಕಳಿಗೆ ಲಕೋಟೆಯಲ್ಲಿ ನಾಲ್ಕು ಕಾಳು ಕಳುಹಿಸುವ ತಾಯಂದಿರೂ ಇದ್ದಾರೆ. ಇದರಿಂದ ನಮ್ಮ ವಿಶ್ವಾಸಕ್ಕೆ ಯಾವ ಕುಂದೂ ಬರಲಿಲ್ಲ; ಬದಲಿಗೆ ಅದು ಈ ನೆಲದಲ್ಲಿ ಬೇರು ಬಿಟ್ಟಿತು.

ಆದರೆ ಅದೇ ಊರಿನ, ಅದೇ ಮನೆಗಳ ಸಂಸ್ಕೃತಿಯಲ್ಲಿ ತೆನೆಯ ಪಕ್ಕದಲ್ಲೇ ಒಂದು ತಕ್ಕಡಿಯೂ ಇದೆ. ಗಂಡು ಒಂದು ತಟ್ಟೆಯಲ್ಲಿ, ಹೆಣ್ಣು ಇನ್ನೊಂದು ತಟ್ಟೆಯಲ್ಲಿ. ಗಂಡಾದರೆ ಆಸರೆ, ಹೆಣ್ಣಾದರೆ ಹೊರೆ. ಉತ್ತರದ ಉಳಿದ ಅರ್ಧ ಇಲ್ಲಿದೆ: ತೆನೆಯನ್ನು ಒಳಗೆ ತಂದ ನಾವು ಈ ತಕ್ಕಡಿಯನ್ನು ಹೊರಗೆ ಇಡಲೇಬೇಕು.

ಮೊದಲ ಶತಮಾನಗಳ ಕ್ರೈಸ್ತರು ಮಾಡಿದ್ದೂ ಇದನ್ನೇ. ಕ್ರಿಸ್ತಪೂರ್ವ 1ರಲ್ಲಿ ಹಿಲಾರಿಯೋನ್ ಎಂಬ ಕೂಲಿಯಾಳು ಈಜಿಪ್ಟಿನ ಅಲೆಕ್ಸಾಂಡ್ರಿಯಾದಿಂದ ತನ್ನ ಬಸುರಿ ಹೆಂಡತಿಗೆ ಬರೆದ ಪತ್ರವೊಂದು ಮರಳಿನಡಿಯಲ್ಲಿ ಉಳಿದು ನಮಗೆ ದೊರಕಿದೆ. ಅವನು ಕ್ರೂರಿಯಲ್ಲ. ಕೂಲಿ ಸಿಕ್ಕಿದೊಡನೆ ಹಣ ಕಳುಹಿಸುವೆನೆನ್ನುತ್ತಾನೆ, ಮಗುವನ್ನು ಚೆನ್ನಾಗಿ ನೋಡಿಕೊ ಎನ್ನುತ್ತಾನೆ, ನಿನ್ನನ್ನು ಹೇಗೆ ಮರೆತೇನು ಎಂದು ಕೇಳುತ್ತಾನೆ. ಅದೇ ಪತ್ರದಲ್ಲಿ, ಹುಟ್ಟುವುದು ಗಂಡಾದರೆ ಇಟ್ಟುಕೊ, ಹೆಣ್ಣಾದರೆ ಹೊರಗೆ ಎಸೆದುಬಿಡು ಎಂದು ಸಹಜವಾಗಿ ಬರೆಯುತ್ತಾನೆ. ರೂಢಿ ಎಂದರೆ ಹೀಗೆ. ಒಳ್ಳೆಯ ಮನುಷ್ಯನ ಕೈಯಿಂದಲೇ ಅದು ಕೆಟ್ಟ ಕೆಲಸ ಮಾಡಿಸುತ್ತದೆ, ಮಾಡಿದವನಿಗೆ ಅದು ಕೆಟ್ಟದ್ದೆಂದು ಅನ್ನಿಸುವುದೂ ಇಲ್ಲ.

ಇಂತಹ ಸಮಾಜದ ನಡುವೆ ಕ್ರೈಸ್ತರು ಬಾಳಿದರು. ಸುಮಾರು 2ನೇ ಶತಮಾನದಲ್ಲಿ ದಿಯೊಗ್ನೇತನೆಂಬವನಿಗೆ ಬರೆದ ಒಂದು ಪತ್ರ ಅವರ ಬಾಳನ್ನು ವರ್ಣಿಸುತ್ತದೆ. ಕ್ರೈಸ್ತರಿಗೆ ಬೇರೆ ನಾಡಿಲ್ಲ, ಬೇರೆ ಭಾಷೆಯಿಲ್ಲ. ಉಡುಗೆ ಊಟಗಳಲ್ಲಿ ಅವರು ಊರಿನ ಪದ್ಧತಿಯನ್ನೇ ಅನುಸರಿಸುತ್ತಾರೆ. ಎಲ್ಲರಂತೆ ಮದುವೆಯಾಗುತ್ತಾರೆ, ಎಲ್ಲರಂತೆ ಮಕ್ಕಳನ್ನು ಹೆರುತ್ತಾರೆ, ಆದರೆ ಹುಟ್ಟಿದ ಕೂಸನ್ನು ಎಸೆಯುವುದಿಲ್ಲ. ಇದು ಆ ಪತ್ರದ ತಾತ್ಪರ್ಯ. ನೋಡಿ, ಬಟ್ಟೆಯಲ್ಲಿ ವ್ಯತ್ಯಾಸವಿರಲಿಲ್ಲ, ಭಾಷೆಯಲ್ಲಿರಲಿಲ್ಲ. ಕ್ರೈಸ್ತನ ಮನೆ ಯಾವುದೆಂದು ಗುರುತಿಸಬೇಕಾದರೆ ತೊಟ್ಟಿಲನ್ನು ನೋಡಬೇಕಿತ್ತು.

ಇಂದು ನಮ್ಮ ತೊಟ್ಟಿಲುಗಳ ಗತಿಯೇನು? ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಆರು ವರ್ಷದೊಳಗಿನ 1000 ಗಂಡುಮಕ್ಕಳಿಗೆ 1991ರಲ್ಲಿ 945 ಹೆಣ್ಣುಮಕ್ಕಳಿದ್ದರು, 2001ರಲ್ಲಿ 927, 2011ರಲ್ಲಿ 918. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಕಾನೂನು 1994ರಲ್ಲೇ ಬಂದಿದೆ. ಆದರೂ 2023ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು, ಗರ್ಭದಲ್ಲಿರುವುದು ಹೆಣ್ಣೋ ಗಂಡೋ ಎಂದು ಹೇಳುತ್ತಿದ್ದ ಜಾಲವನ್ನು ಪೊಲೀಸರು ಬಯಲಿಗೆಳೆದರು. ಕಬ್ಬು ಅರೆದು ಬೆಲ್ಲ ಮಾಡುವ ಜಾಗ ಅದು. ಇಂದು ಪೂಜೆಯ ನಂತರ ನಮ್ಮ ಮಕ್ಕಳು ಕಬ್ಬು ಹಿಡಿದು ನಗುತ್ತಾ ಮನೆಗೆ ಹೋಗುತ್ತಾರೆ. ಅದೇ ಕಬ್ಬಿನ ಆಲೆಮನೆಯ ಮರೆಯಲ್ಲಿ ಹೆಣ್ಣು ಹುಟ್ಟದಂತೆ ನೋಡಿಕೊಳ್ಳುವ ವ್ಯಾಪಾರ ನಡೆದಿತ್ತು.

ಇದನ್ನು ಕೇಳಿ, ಅದು ನಮ್ಮವರ ವಿಷಯವಲ್ಲ, ಅನ್ಯಧರ್ಮದವರ ವಿಷಯ ಎಂದು ಯಾರೂ ಸಮಾಧಾನಪಟ್ಟುಕೊಳ್ಳಬೇಡಿ. ಈ ನೆಲದ ಸಂಸ್ಕೃತಿಯಲ್ಲಿ ಬೆಳಕೂ ಇದೆ. 12ನೇ ಶತಮಾನದಲ್ಲೇ ಅಕ್ಕಮಹಾದೇವಿಯಂತಹ ಸ್ತ್ರೀಯರು ಶರಣರ ನಡುವೆ ನಿಂತು ವಚನ ನುಡಿದರು. ಕತ್ತಲೆಯೂ ನಮ್ಮೊಳಗೇ ಇದೆ. ತಿರುವಾಂಕೂರಿನ ಕ್ರೈಸ್ತರಿಗಾಗಿ 1916ರಲ್ಲಿ ಆದ ಕಾನೂನು ಮಗಳಿಗೆ ಕೊಟ್ಟದ್ದು ಮಗನ ಪಾಲಿನ ಕಾಲು ಭಾಗ ಅಥವಾ 5000 ರೂಪಾಯಿ, ಯಾವುದು ಕಡಿಮೆಯೋ ಅದು. ಮೇರಿ ರಾಯ್ ಎಂಬ ಕ್ರೈಸ್ತ ಮಹಿಳೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 1986ರಲ್ಲಿ ಗೆದ್ದ ಮೇಲೆ ಅದು ನಿಂತಿತು. ಬಲಿಪೂಜೆ ತಪ್ಪಿಸದ, ಜಪಸರ ಬಿಡದ ಕುಟುಂಬಗಳೇ ಅಷ್ಟು ವರ್ಷ ಆ ಲೆಕ್ಕವನ್ನು ಸರಿಯೆಂದು ನಂಬಿದ್ದವು.

ಹಾಗಾದರೆ ನಮ್ಮ ಧರ್ಮಕೇಂದ್ರಗಳಲ್ಲಿ ಈ ತಕ್ಕಡಿ ಎಲ್ಲಿ ತೂಗುತ್ತಿದೆ? ಮೂರು ಕಡೆ ಹುಡುಕೋಣ.

ಮೊದಲನೆಯದು ತೊಟ್ಟಿಲು. ಗಂಡಾಗಲಿ ಹೆಣ್ಣಾಗಲಿ ಆರೋಗ್ಯವಾಗಿದ್ದರೆ ಸಾಕು ಎಂದು ಬಾಯಿ ಹೇಳುತ್ತದೆ. ಆದರೆ ಎರಡನೆಯದೂ ಹೆಣ್ಣಾದಾಗ ಬಾಣಂತಿಯ ಕೋಣೆಗೆ ಬರುವವರ ದನಿ ತಗ್ಗುತ್ತದೆ, ಸಿಹಿಯ ಡಬ್ಬ ಚಿಕ್ಕದಾಗುತ್ತದೆ. ಹೋಗಲಿ ಬಿಡಮ್ಮ, ದೇವರಿಟ್ಟ ಹಾಗೆ ಎಂದು ಸಾಂತ್ವನ ಹೇಳುವವರೂ ಇದ್ದಾರೆ. ಹುಟ್ಟಿದ ಮನೆಯಲ್ಲಿ ಸಾಂತ್ವನ ಏಕೆ ಬೇಕು? ದೇವರು ಗಂಡನ್ನೂ ಹೆಣ್ಣನ್ನೂ ತಮ್ಮ ರೂಪದಲ್ಲೇ ಸೃಷ್ಟಿಸಿದರೆಂದು ಆದಿಕಾಂಡದ ಮೊದಲ ಅಧ್ಯಾಯವೇ ಸಾರುತ್ತದೆ. ಭಾರತದ ಧರ್ಮಸಭೆ ಈ ಸೆಪ್ಟೆಂಬರ್ 8ನ್ನು ಹೆಣ್ಣು ಮಗುವಿನ ದಿನವಾಗಿ ಆಚರಿಸುವುದು ಇದನ್ನು ನೆನಪಿಸಲಿಕ್ಕಾಗಿಯೇ.

ಎರಡನೆಯದು ಮದುವೆಯ ಮಾತುಕತೆ. 1961ರ ಕಾನೂನು ವರದಕ್ಷಿಣೆಯನ್ನು ಅಪರಾಧವೆಂದಿದೆ. ಈಗ ಯಾರೂ ಆ ಪದವನ್ನು ಬಾಯಿಬಿಟ್ಟು ಆಡುವುದಿಲ್ಲ. ನಾವೇನೂ ಕೇಳುವುದಿಲ್ಲ, ನಿಮ್ಮ ಮಗಳಿಗೆ ನೀವು ಇಷ್ಟಪಟ್ಟು ಹಾಕುವುದನ್ನು ಹಾಕಿ, ಹಾಲ್ ಮಾತ್ರ ಚೆನ್ನಾಗಿರಲಿ ಎನ್ನುತ್ತಾರೆ. ಆ ಮಾತಿನ ಭಾರ ಹೆಣ್ಣು ಹೆತ್ತ ತಂದೆಗೆ ಗೊತ್ತು. ಕೊಡದಿದ್ದರೆ ಸಂಬಂಧ ತಪ್ಪುತ್ತದೆ ಎಂಬ ಭಯ ಅವನ ಕೈ ಕಟ್ಟಿದೆ. ಗಂಡಿನ ಕಡೆಯವರಿಗೆ ಅಂತಹ ಭಯವಿಲ್ಲ. ಬೇಡ ಎನ್ನಲು ಅವರು ಸ್ವತಂತ್ರರು. ಆದ್ದರಿಂದ ಈ ಪಾಪವನ್ನು ನಿಲ್ಲಿಸುವ ಹೊಣೆ ಮೊದಲು ಗಂಡುಮಕ್ಕಳ ತಂದೆತಾಯಿಯರದು, ಮದುವೆಗೆ ಸಿದ್ಧರಾಗಿರುವ ಯುವಕರದು. ಬಲಿಪೀಠದ ಮುಂದೆ ಆಕೆಯನ್ನು ದೇವರ ವರದಾನವೆಂದು ಸ್ವೀಕರಿಸುವವನು, ವರದಾನದ ಜೊತೆಗೆ ಬೆಲೆಯನ್ನೂ ಪಡೆಯುವುದು ಸರಿಯೇ?

ಮೂರನೆಯದು ಆಸ್ತಿಯ ಕಾಗದ. ಉಯಿಲು ಬರೆಯದೆ ತಂದೆ ತೀರಿಕೊಂಡರೆ, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಮಗ ಮಗಳೆಂಬ ಭೇದ ಮಾಡುವುದಿಲ್ಲ. ಆದರೆ ನಲವತ್ತನೆಯ ದಿನದ ಪೂಜೆ ಮುಗಿಯುತ್ತಿದ್ದಂತೆ ಹೆಣ್ಣುಮಕ್ಕಳ ಮುಂದೆ ಹಕ್ಕು ಬಿಡುಗಡೆಯ ಪತ್ರ ಬರುತ್ತದೆ. ಸಹಿ ಹಾಕಿದರೆ ಒಳ್ಳೆಯ ಅಕ್ಕ, ಯಾಕೆಂದು ಕೇಳಿದರೆ ಆಸೆಬುರುಕಿ. ತವರಿನ ಬಾಗಿಲು ಮುಚ್ಚೀತೆಂಬ ಹೆದರಿಕೆಯಿಂದ ಎಷ್ಟೋ ಸಹೋದರಿಯರು ಸಹಿ ಹಾಕುತ್ತಾರೆ. ಮನಸಾರೆ ಬಿಟ್ಟುಕೊಡುವುದು ಬೇರೆ, ಹೆದರಿಸಿ ಬಿಡಿಸಿಕೊಳ್ಳುವುದು ಬೇರೆ. ಪ್ರಭು ಯೇಸು ಹದಿನೆಂಟು ವರ್ಷ ಬೆನ್ನು ಬಾಗಿ ನರಳಿದ ಸ್ತ್ರೀಯನ್ನು ಪ್ರಾರ್ಥನಾಮಂದಿರದಲ್ಲಿ ಎಲ್ಲರೆದುರು ನೆಟ್ಟಗೆ ನಿಲ್ಲಿಸಿದರು, ಆಕೆಯನ್ನು ಅಬ್ರಹಾಮನ ಮಗಳೆಂದು ಕರೆದರು. ಮಗಳೆಂದ ಮೇಲೆ ಮನೆಯಲ್ಲಿ ಆಕೆಗೂ ಪಾಲಿದೆ.

ಹೀಗೆ ಬದುಕುವುದು ಸುಲಭವಲ್ಲ. ಜನ ಏನೆಂದಾರು ಎಂಬ ಪ್ರಶ್ನೆ ದೊಡ್ಡದು. ವರದಕ್ಷಿಣೆ ಬೇಡವೆಂದ ಹುಡುಗನಲ್ಲಿ ಏನೋ ದೋಷವಿರಬೇಕೆಂದು ಆಡಿಕೊಳ್ಳುವವರಿದ್ದಾರೆ. ಅಕ್ಕತಂಗಿಯರಿಗೆ ಪಾಲು ಕೊಟ್ಟವನನ್ನು ದಡ್ಡನೆನ್ನುವವರಿದ್ದಾರೆ. ಲೋಕದ ಅಚ್ಚಿನಲ್ಲಿ ಎರಕವಾಗದೆ, ಮನಸ್ಸನ್ನು ಹೊಸದಾಗಿಸಿಕೊಂಡು ಬಾಳಿರೆಂದು ಸಂತ ಪೌಲರು ರೋಮಿನವರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿ ತಿಳಿಸುತ್ತಾರೆ. ಇಂದು ರಕ್ತಸಾಕ್ಷಿಯಾಗುವ ಸಂದರ್ಭ ನಮ್ಮಲ್ಲಿ ಹೆಚ್ಚಿನವರಿಗೆ ಬರಲಿಕ್ಕಿಲ್ಲ. ಆದರೆ ನಾಲ್ಕು ಜನರ ನಗೆಯನ್ನು ಸಹಿಸುವ ಸಂದರ್ಭ ಖಂಡಿತ ಬರುತ್ತದೆ. ವಿಶ್ವಾಸದ ಪರೀಕ್ಷೆ ಅಲ್ಲಿದೆ.

ನಮ್ಮ ಮುಂದೆ ಒಳ್ಳೆಯ ಮಾದರಿಗಳೂ ಇವೆ. 1870ರಲ್ಲಿ ಮಂಗಳೂರಿಗೆ ಬಂದ ಅಪೋಸ್ತಲಿಕ್ ಕಾರ್ಮೆಲ್ ಸಭೆಯ ಭಗಿನಿಯರು ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ಬದುಕು ಸವೆಸಿದರು. 1921ರಲ್ಲಿ ಸಂತ ಆಗ್ನೆಸ್ ಕಾಲೇಜು ತೆರೆದರು. ಹೆಣ್ಣಿಗೇಕೆ ಓದು ಎಂಬುದು ಅಂದಿನ ರೂಢಿಯಾಗಿತ್ತು. ಆ ರೂಢಿಯನ್ನು ಮೀರಿ ತಮ್ಮ ಮಗಳನ್ನು ಶಾಲೆಗೆ ಕಳುಹಿಸಿದ ಸಾಮಾನ್ಯ ತಂದೆತಾಯಿಯರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಆದರೆ ಇಂದು ಆಸ್ಪತ್ರೆ, ಶಾಲೆ, ಕಚೇರಿಗಳಲ್ಲಿ ದುಡಿಯುತ್ತಿರುವ ನಮ್ಮ ಅಕ್ಕತಂಗಿಯರು ಅವರ ಧೈರ್ಯದ ಫಲ. ಭಾರತದ ಧರ್ಮಾಧ್ಯಕ್ಷರು 2010ರಲ್ಲಿ ಸ್ತ್ರೀಪುರುಷ ಸಮಾನತೆಯ ನೀತಿಯನ್ನು ಪ್ರಕಟಿಸಿದರು. ಅದು ಕಾಗದದಿಂದ ಮನೆಗೆ ಇಳಿಯಬೇಕಾದರೆ ಅಂತಹ ತಂದೆತಾಯಿಯರು ಇಂದೂ ಬೇಕು.

ಆದ್ದರಿಂದ ಈ ಹಬ್ಬದ ಊಟಕ್ಕೆ ಕುಳಿತಾಗ ಒಂದು ಕೆಲಸ ಮಾಡೋಣ. ಹೊಸ ಅಕ್ಕಿಯನ್ನು ಹಂಚುವ ಹಿರಿಯರು ಇಂದು ಮೊದಲ ಪಾಲನ್ನು ಮನೆಯ ಹೆಣ್ಣುಮಕ್ಕಳಿಗೆ ಕೊಡಲಿ. ನೀನು ಈ ಮನೆಗೆ ದೇವರು ಕೊಟ್ಟ ವರವೆಂದು ಬಾಯಿಬಿಟ್ಟು ಹೇಳಲಿ. ಮದುವೆಗೆ ಬಂದ ಮಗನಿರುವ ಮನೆಯವರು ಇಂದೇ ಕುಳಿತು, ಏನನ್ನೂ ಪಡೆಯುವುದಿಲ್ಲವೆಂದು ನಿರ್ಧರಿಸಲಿ. ಸಹೋದರಿಯ ಸಹಿಯನ್ನು ಒತ್ತಾಯದಿಂದ ಪಡೆದವರು ಆಕೆಯನ್ನು ಕರೆದು ಮಾತಾಡಲಿ.

ಪ್ರಾರ್ಥಿಸೋಣ. ಕರುಣಾಮಯ ತಂದೆಯೇ, ಜೊವಾಕಿಮ್ ಮತ್ತು ಅನ್ನಮ್ಮನವರ ಮನೆಯನ್ನು ಒಂದು ಹೆಣ್ಣು ಕೂಸಿನಿಂದ ಬೆಳಗಿಸಿದಿರಿ. ನಮ್ಮ ನಾಡಿನ ಒಳಿತನ್ನು ಸಂತೋಷದಿಂದ ಸ್ವೀಕರಿಸುವ ಮನಸ್ಸನ್ನೂ, ಕೆಡುಕನ್ನು ನಮ್ಮ ಮನೆಯಿಂದಲೇ ಹೊರಗಿಡುವ ಧೈರ್ಯವನ್ನೂ ನಮಗೆ ದಯಪಾಲಿಸಿರಿ. ನಮ್ಮ ಪ್ರತಿಯೊಂದು ತೊಟ್ಟಿಲನ್ನೂ ಮಾತೆ ಮರಿಯಮ್ಮನವರ ಮಡಿಲಿಗೆ ಒಪ್ಪಿಸುತ್ತೇವೆ. ನಮ್ಮ ಪ್ರಭು ಯೇಸು ಕ್ರಿಸ್ತರ ಮುಖಾಂತರ. ಆಮೆನ್.

ಎಲ್ಲರಿಗೂ ಹಬ್ಬದ ಶುಭಾಶಯಗಳು.